ಸುಣ್ಣದ ಮೇಷ್ಟರ ಬಿಳಿ

ಚಪ್ಪಲಿ, ಗಡಿಯಾರ, ಬಚ್ಚಲುಮನೆಯ ನಲ್ಲಿ, ಇಂಥವುಗಳ ಫೋಟೊ ತೆಗೆದು ಹೊಟ್ಟೆ ಹೊರೆಯುವ ಮಗಳನ್ನು ಅಪ್ಪ ಯಾವತ್ತೂ ಫೋಟೊಗ್ರಾಫರ್ ಎಂದು ಕರೆದವನಲ್ಲ. ಯಾರಾದರೂ ಕೇಳಿದರೆ, "ಅಂಗಡಿಯವರ ಕೆಲಸ ಮಾಡ್ಕೊಂಡಿದ್ದಾಳೆ" ಎಂದು ಮಾತು ತೇಲಿಸಿಬಿಡುತ್ತಿದ್ದ. ಅಂಥ ಅಪ್ಪ ಒಂದು ಬೆಳಿಗ್ಗೆ ತಾನಾಗಿಯೇ ಫೋನು ಮಾಡಿ, "ನಿನ್ನ ದೀಪ, ಕಂಬ ಎಲ್ಲಾ ಹೇರ್ಕೊಂಡು ಬಾ. ನನ್ನ ಚಿತ್ರಗಳದ್ದು ತೆಗೀಬೇಕು" ಎಂದಾಗ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹೊರಗಿನೋರು ಬೇಕಾದಷ್ಟು ಜನ ಸಿಗ್ತಾರೆ. ಆದ್ರೆ ಅವರು ನನ್ನ ಮಾತು ಕೇಳಲ್ಲ" ಎಂದೂ ಸೇರಿಸಿದ. ಮಗಳು ಕೇಳುತ್ತಾಳೆ ಎಂಬ ನಂಬಿಕೆ ಅವನಿಗೆ ಎಲ್ಲಿಂದ ಬಂತೋ.

ವಿಷಯ ಇಷ್ಟೇ. ಊರಿನ ದೊಡ್ಡ ಗ್ಯಾಲರಿಯೊಂದು ಅಪ್ಪನ ಜೀವಮಾನದ ಕೆಲಸವನ್ನೆಲ್ಲ ಒಟ್ಟಿಗೆ ಗೋಡೆಗೆ ಹಾಕಲು ಒಪ್ಪಿತ್ತು. ಜೊತೆಗೊಂದು ಪುಸ್ತಕ, ಅದರಲ್ಲಿ ಪ್ರತಿ ಚಿತ್ರದ ಫೋಟೊ, ಅದರ ಕೆಳಗೆ ಹೆಸರು, ವರ್ಷ, ಅಳತೆ, ಯಾವ ಬಣ್ಣ ಎಂಬ ವಿವರ. ಪ್ರದರ್ಶನ ಮುಗಿದ ಮೇಲೆ ಚಿತ್ರಗಳು ಕೊಂಡವರ ಮನೆ ಸೇರಿ ದಿಕ್ಕಾಪಾಲಾಗುತ್ತವೆ. ಮತ್ತೆಂದೂ ಒಂದೇ ಸೂರಿನಡಿ ಕೂಡುವುದಿಲ್ಲ. "ಆಮೇಲೆ ಉಳಿಯೋದು ಪುಸ್ತಕ ಒಂದೇ. ಅದರಲ್ಲಿ ನನ್ನ ಬಿಳಿ ಕೆಟ್ಟರೆ ನಾನೇ ಕೆಟ್ಟ ಹಾಗೆ" ಎಂದ ಅಪ್ಪ. ಮಾತು ದೊಡ್ಡದಾಯಿತು ಅನ್ನಿಸಬಹುದು, ಆದರೆ ಅವನ ಮಟ್ಟಿಗೆ ಅದು ನಿಜವೇ.

ಏಕೆಂದರೆ ಅವನು ಬದುಕಿಡೀ ಬರೆದದ್ದು ಬಿಳಿಯನ್ನೇ. ಒಗೆದು ಹಾಸಿದ ಹಾಸಿಗೆ, ಖಾಲಿ ಗೋಡೆ, ಕಿಟಕಿಯ ಪರದೆ, ಮೇಜಿನ ಮೇಲೊಂದು ಪಿಂಗಾಣಿ ಬಟ್ಟಲು. ಮನುಷ್ಯರೇ ಇಲ್ಲದ ಕೋಣೆಗಳು. ಎದುರಿಗೆ ಏನನ್ನೂ ಇಟ್ಟುಕೊಳ್ಳದೆ ಎಲ್ಲವನ್ನೂ ನೆನಪಿನಿಂದಲೇ ಬರೆಯುತ್ತಿದ್ದ. ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲಕ್ಕೆ ಜೊತೆಯವರು ಅವನಿಗೆ 'ಸುಣ್ಣದ ಮೇಷ್ಟ್ರು' ಎಂದು ಹೆಸರಿಟ್ಟರು. ಆಡಿಕೊಳ್ಳಲು ಇಟ್ಟ ಹೆಸರನ್ನು ಅಪ್ಪ ಬಿರುದು ಮಾಡಿಕೊಂಡ. "ಹೌದು ಸ್ವಾಮಿ, ಸುಣ್ಣವೇ. ನೀವೂ ಒಂದು ಗೋಡೆ ಬಳೀರಿ ನೋಡೋಣ" ಎನ್ನುತ್ತಿದ್ದ. ಯಾರ ಕೈಲೂ ಆಗುತ್ತಿರಲಿಲ್ಲ. ಬಿಳಿಯೊಳಗೆ ಹತ್ತಾರು ಬಿಳಿ ಕಾಣಿಸುವ ಕೆಲಸ ಅದು.

ಮಗಳು ಬಂದಳು. ಮನೆಯ ಹಿಂಭಾಗದ ಉದ್ದನೆಯ ಕೋಣೆಯಲ್ಲಿ ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದಳು. ಎಡಕ್ಕೊಂದು ಬಲಕ್ಕೊಂದು ದೀಪ ನಿಲ್ಲಿಸಿ, ಎರಡರ ದೂರವನ್ನೂ ದಾರ ಹಿಡಿದು ಸಮ ಮಾಡಿದಳು. ಮೇಲಿನ ಬಲ್ಬುಗಳನ್ನು ಆರಿಸಲು ಹೋದಾಗ ಅವೆಷ್ಟಿವೆ ಎಂದು ನೋಡಿ ದಂಗಾದಳು. ಸೂರಿನ ತುಂಬ ಬಲ್ಬುಗಳೇ. "ಇದೇನಪ್ಪಾ, ಮದುವೆ ಮನೆ ಥರ?" ಎಂದಳು. "ಬೆಳಕು ಸಾಲೋದಿಲ್ಲ. ಈಗಿನ ಬಲ್ಬು ಯಾವುದೂ ಸರಿಯಿಲ್ಲ" ಎಂದ ಅಪ್ಪ.

ಮೂಲೆಯಲ್ಲಿ ಅಮ್ಮನ ಮಣೆಯಂಥ ಗಿಡ್ಡ ಸ್ಟೂಲು ಹಾಗೇ ಇತ್ತು. ಅದರ ಪಕ್ಕದ ಮೇಜಿನ ಮೇಲೆ ಅವಳು ಬಣ್ಣ ಕಲಸುತ್ತಿದ್ದ ದಪ್ಪ ಗಾಜು, ಬಾಗುವ ಅಲಗಿನ ಚಾಕು. ಅಮ್ಮ ಇರುವವರೆಗೆ ಅಪ್ಪ ತಾನೇ ಬಣ್ಣ ಕಲಸಿದವನಲ್ಲ. ಕ್ಯಾನ್ವಾಸಿಗೆ ಮುಖ ಮಾಡಿ ನಿಂತು, ಹಿಂತಿರುಗಿ ಕೂಡ ನೋಡದೆ, "ಬಿಳಿ. ಒಂಚೂರು ಬೂದು. ಇನ್ನೂ ಒಂಚೂರು ನೀಲಿ" ಎಂದು ಹೇಳುತ್ತಿದ್ದ. ಹಿಂದಿನಿಂದ ಗಾಜಿನ ಮೇಲೆ ಚಾಕು ಕರಕರ ಆಡುವ ಸದ್ದು. ಸದ್ದು ಸಾಕೆನಿಸಿದಾಗ ಕೈ ಹಿಂದೆ ಚಾಚುತ್ತಿದ್ದ, ಅಮ್ಮ ಕಲಸಿದ ಬಣ್ಣದ ಹಲಗೆ ಕೊಡುತ್ತಿದ್ದಳು. ಅವಳು ತೀರಿಕೊಂಡು ಮೂರು ವರ್ಷವಾಗಿತ್ತು. ಈಗ ಗಾಜಿನ ಮುಂದೆ ಅಪ್ಪನೇ ನಿಲ್ಲುತ್ತಿದ್ದ. ಸ್ಟೂಲಿನ ಮೇಲೆ ಮಾತ್ರ ಕೂರುತ್ತಿರಲಿಲ್ಲ.

ಮೊದಲ ಚಿತ್ರವನ್ನು ಗೋಡೆಗೆ ಆನಿಸಿ ಮಟ್ಟ ನೋಡಿ, ಮಗಳು ಅದರ ಅಂಚಿಗೆ ಒಂದು ಪಟ್ಟಿ ಇಟ್ಟಳು. ಅಂಗೈಯಗಲದ ರಟ್ಟು, ಅದರ ಮೇಲೆ ಸಾಲಾಗಿ ಬಣ್ಣದ ಚೌಕಗಳು, ಕೆಳಗೆ ಬಿಳಿಯಿಂದ ಕಪ್ಪಿನವರೆಗೆ. ಪಟ್ಟಿಯ ಬಣ್ಣ ಫೋಟೊದಲ್ಲಿ ಸರಿಯಾಗಿ ಬಂದರೆ ಚಿತ್ರದ್ದೂ ಸರಿಯಾಗಿ ಬಂದಂತೆ. ಬಿಳಿ ಚಪ್ಪಲಿಯ ಫೋಟೊಗಳಲ್ಲಿ ಅವಳನ್ನು ಕಾಪಾಡಿದ್ದು ಇದೇ ಪಟ್ಟಿ.

"ಏನಿದು, ಮಕ್ಕಳಾಟದ ಬಿಲ್ಲೆಗಳಾ?" ಎಂದ ಅಪ್ಪ.

"ಸಾಕ್ಷಿ ಅಪ್ಪಾ. ನಾಳೆ ಯಾರೂ ನನ್ನ ಮೇಲೆ ಗೂಬೆ ಕೂರಿಸಬಾರದು ನೋಡು."

ಮೊದಲ ದಿನ ತೆಗೆದದ್ದು ಹಳೆಯ ಚಿತ್ರಗಳು, ಅಮ್ಮನ ಕಾಲದವು. ತೆಗೆದ ಒಂದೊಂದನ್ನೂ ಅಪ್ಪ ಅವಳ ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದ. ಆಮೇಲೆ ಚಿತ್ರವನ್ನೂ ನೋಡಿದ. ಮುಖ ಸಿಂಡರಿಸಿದ.

"ಹಳದಿ ಹೊಡೀತಿದೆ."

"ಎಲ್ಲಿ?"

"ಎಲ್ಲಾ ಕಡೆ. ನಿನ್ನ ತಪ್ಪಲ್ಲ ಬಿಡು, ಚಿತ್ರವೇ ಹಾಗಾಗಿದೆ. ಎಣ್ಣೆ ಬಣ್ಣ ಹಳೇದಾದರೆ ಹಳದಿಗೆ ತಿರುಗುತ್ತೆ. ನಿನ್ನ ಯಂತ್ರದಲ್ಲಿ ಅದನ್ನ ತೆಗೆದುಬಿಡು. ನಾನು ಬರೆದಾಗ ಹಾಗಿರಲಿಲ್ಲ."

ಮಗಳು ಚಿತ್ರ ನೋಡಿದಳು. ಹಾಸಿಗೆಯ ಮೇಲೆ ಬೆಳಗಿನ ಬಿಳಿ, ಮಡಿಕೆಗಳಲ್ಲಿ ತಣ್ಣನೆಯ ಬೂದು. ಹಳದಿಯ ಸುಳಿವೇ ಇರಲಿಲ್ಲ. ಅಪ್ಪನಿಗೆ ಎದುರು ಹೇಳಿ ಕೆಲಸ ಕೆಡಿಸಿಕೊಳ್ಳುವುದು ಬೇಡವೆಂದು, "ಆಮೇಲೆ ನೋಡೋಣ" ಎಂದು ಸುಮ್ಮನಾದಳು.

ಸಂಜೆಯ ಹೊತ್ತಿಗೆ ಈಚಿನ ಚಿತ್ರವೊಂದನ್ನು ಅಪ್ಪನೇ ಎತ್ತಿ ತಂದ. ಅಮ್ಮ ಹೋದ ಮೇಲಿನದು. ಖಾಲಿ ಗೋಡೆ, ಅದರ ಕೆಳಗೆ ಆ ಗಿಡ್ಡ ಸ್ಟೂಲು. ಚಿತ್ರ ನೀಲಿಯಾಗಿತ್ತು. ಗೋಡೆ ನೀಲಿ, ನೆಲ ನೀಲಿ, ಸ್ಟೂಲಿನ ಅಂಚು ಇಂಕಿನಲ್ಲಿ ಅದ್ದಿದ ಹಾಗೆ. ಅಮ್ಮ ಹೋದ ಮೇಲಿನ ಚಿತ್ರಗಳೆಲ್ಲ ಹೀಗೇ. ಮಗಳಿಗೆ ಅದು ಗೊತ್ತಿಲ್ಲದ್ದಲ್ಲ. ದುಃಖ ಬಣ್ಣವಾಗಿ ಇಳಿದಿದೆ ಎಂದುಕೊಂಡಿದ್ದಳು. ಗ್ಯಾಲರಿಯ ಯಜಮಾನಿಯಂತೂ ಹಿಂದಿನ ವಾರ ಬಂದವಳು, "ಈ ನೀಲಿ ನೋಡ್ತಿದ್ರೆ ಕರುಳು ಕಿತ್ತು ಬರುತ್ತೆ ಮೇಷ್ಟ್ರೇ" ಎಂದು ಕಣ್ಣೊರೆಸಿಕೊಂಡಿದ್ದಳು. "ಯಾವ ನೀಲಿ?" ಎಂದು ಅಪ್ಪ ಕೇಳಿದ್ದ. ದೊಡ್ಡವರ ವಿನಯ ಅಂದುಕೊಂಡು ಅವಳು ಇನ್ನಷ್ಟು ಕಣ್ಣೊರೆಸಿಕೊಂಡಿದ್ದಳು.

ಅಪ್ಪ ಚಿತ್ರದ ಪಕ್ಕ ಎದೆಯುಬ್ಬಿಸಿ ನಿಂತ. "ಇದನ್ನ ನೋಡು. ಹೊಸದು, ಎಣ್ಣೆ ಇನ್ನೂ ಕೆಟ್ಟಿಲ್ಲ. ಬಿಳಿ ಅಂದ್ರೆ ಇದು. ಎಲ್ಲವೂ ಹೀಗೆ ಬರಬೇಕು."

ಮಗಳು ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ.

ಕೆಟ್ಟಿರುವುದು ಅಪ್ಪನ ಕಣ್ಣೇ. ಆದರೆ ಅದನ್ನು ಅವನಿಗೆ ಹೇಳುವುದು ಸುಲಭವಿರಲಿಲ್ಲ. ಅಜ್ಜ, ಅಂದರೆ ಅಪ್ಪನ ಅಪ್ಪ, ಕಣ್ಣಿನ ಆಪರೇಷನ್ ಕೆಟ್ಟು ಕೊನೆಗಾಲವನ್ನು ಕತ್ತಲಲ್ಲಿ ಕಳೆದವನು. ಅಂದಿನಿಂದ ಕಣ್ಣಿನ ಡಾಕ್ಟರೆಂದರೆ ಅಪ್ಪನಿಗೆ ಯಮನೇ. ಬಹಳ ಹಿಂದೆ ಅಮ್ಮ ಒಮ್ಮೆ, "ಕಣ್ಣು ಒಂದ್ಸಲ ತೋರಿಸ್ಕೊಂಡು ಬರೋಣ" ಎಂದಿದ್ದಕ್ಕೆ ಮನೆ ರಣರಂಗವಾಗಿ, ಅಪ್ಪ ಒಂದಿಡೀ ತಿಂಗಳು ಕುಂಚ ಮುಟ್ಟಿರಲಿಲ್ಲ. ಅಮ್ಮ ಮತ್ತೆ ಆ ಮಾತೆತ್ತಲಿಲ್ಲ.

ಮರುದಿನ ಬೆಳಿಗ್ಗೆ ಮಗಳು ಕೋಣೆಗೆ ಬಂದಾಗ ಆ ಹಾಸಿಗೆಯ ಚಿತ್ರ ಮೇಜಿನ ಮೇಲೆ ಅಂಗಾತ ಮಲಗಿತ್ತು. ಅಪ್ಪನ ಅತ್ಯುತ್ತಮ ಚಿತ್ರ ಅದು, ಆರು ವರ್ಷದ ಹಿಂದಿನದು. ಪುಸ್ತಕದ ಮುಖಪುಟಕ್ಕೆ ಆರಿಸಿದ್ದು. ಗಾಜಿನ ಮೇಲೆ ಎಣ್ಣೆಯಲ್ಲಿ ತೆಳ್ಳಗೆ ಕಲಸಿದ ನೀಲಿ. ಅಪ್ಪ ಅಗಲ ಕುಂಚವನ್ನು ಅದರಲ್ಲಿ ಅದ್ದಿ ಎತ್ತುತ್ತಿದ್ದ.

"ಏನ್ ಮಾಡ್ತಿದ್ದೀಯ?"

"ಹಳದಿ ಹೊಡೀತಿದೆ ಅಂದ್ನಲ್ಲ. ಮೇಲೊಂದು ತೆಳು ಪದರ ಕೊಟ್ಟರೆ ಬಿಳಿ ವಾಪಸ್ ಬರುತ್ತೆ. ಇದೊಂದೇ ಅಲ್ಲ, ಎಲ್ಲಕ್ಕೂ ಕೊಡ್ತೀನಿ. ನೀನು ಆಮೇಲೆ ತೆಗಿ."

ಮಗಳು ಓಡಿಹೋಗಿ ಅವನ ಮಣಿಕಟ್ಟು ಹಿಡಿದಳು. ಹುಟ್ಟಿದಾಗಿನಿಂದ ಅಪ್ಪನ ಕುಂಚದ ಕೈ ಮುಟ್ಟಿದವಳಲ್ಲ. ಅಪ್ಪನ ಪಿತ್ತ ನೆತ್ತಿಗೇರಿತು. "ಬಿಡು! ಚಪ್ಪಲಿ ಫೋಟೊ ತೆಗೆಯೋಳು ನನಗೆ ಬಿಳಿ ಹೇಳಿಕೊಡ್ತೀಯಾ?"

ಅವಳು ಮಣಿಕಟ್ಟು ಬಿಟ್ಟಳು. ಪಟ್ಟಿಯನ್ನು ತಂದು ಅವನ ಮುಂದೆ ಹಿಡಿದು, ಕೆಳಸಾಲಿನ ಮೊದಲ ಚೌಕದ ಮೇಲೆ ಬೆರಳಿಟ್ಟಳು. "ಇದ್ಯಾವ ಬಣ್ಣ ಹೇಳು."

"ಬೆಣ್ಣೆ ಬಣ್ಣ."

"ಇದು?"

"ಕಪ್ಪು."

ಮೊದಲನೆಯದು ಬಿಳಿ, ಎರಡನೆಯದು ಕಡುನೀಲಿ. "ನಿನ್ನ ಪಟ್ಟಿ ಹಳೇದಾಗಿದೆ" ಎಂದ ಅಪ್ಪ. ದನಿ ಆಗಲೇ ಸ್ವಲ್ಪ ಇಳಿದಿತ್ತು. ಮಗಳು ಚೀಲದಿಂದ ಇನ್ನೊಂದು ಪಟ್ಟಿ ತೆಗೆದಳು. ಅಂಗಡಿಯ ಲಕೋಟೆ ಕೂಡ ಒಡೆದಿರಲಿಲ್ಲ. ಅವನ ಕೈಗೇ ಕೊಟ್ಟಳು. ಅಪ್ಪ ಲಕೋಟೆ ಹರಿದ, ಪಟ್ಟಿಯನ್ನು ಬಲ್ಬಿನ ಕೆಳಗೆ ಹಿಡಿದ, ಆಮೇಲೆ ಬಾಗಿಲು ತೆಗೆದು ಬಿಸಿಲಿಗೆ ಹಿಡಿದ. ತುಂಬ ಹೊತ್ತು ಅಲ್ಲೇ ನಿಂತಿದ್ದ. ಒಳಗೆ ಬಂದು ಕುಂಚವನ್ನು ತೊಳೆಯದೆ ಹಾಗೇ ಇಟ್ಟ. ಹಾಗೆ ಇಟ್ಟದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

"ನಡಿ," ಎಂದ. "ಆ ಯಮ ಎಲ್ಲಿ ಕೂರ್ತಾನೆ ತೋರಿಸು."

ಯಮ ಅನ್ನಿಸಿಕೊಂಡವಳು ಮಗಳ ವಯಸ್ಸಿನ, ಅಂಗಿಯ ತೋಳು ಮಡಚಿದ ಡಾಕ್ಟರಮ್ಮ. ಕಣ್ಣಿಗೆ ದೀಪ ಬಿಟ್ಟು ನೋಡಿ ತಲೆ ಆಡಿಸಿದಳು. "ಇದು ನಿನ್ನೆ ಮೊನ್ನೆಯ ಪೊರೆ ಅಲ್ಲ. ಏನಿಲ್ಲವೆಂದರೂ ಹತ್ತು ವರ್ಷದಿಂದ ಬಲೀತಾ ಬಂದಿದೆ. ಟೀ ಬಣ್ಣದ ಗಾಜು ಹಾಕ್ಕೊಂಡು ಪ್ರಪಂಚ ನೋಡಿದ ಹಾಗೆ. ನೀಲಿ ಒಳಗೇ ಬರೋದಿಲ್ಲ. ಇಷ್ಟು ವರ್ಷ ಏನು ಕೆಲಸ ಮಾಡ್ತಿದ್ರಿ?"

"ಸುಣ್ಣ ಹೊಡೀತಿದ್ದೆ" ಎಂದ ಅಪ್ಪ.

ಮೊದಲು ಬಲಗಣ್ಣು, ಕೆಲವು ವಾರ ಬಿಟ್ಟು ಎಡಗಣ್ಣು ಎಂದು ತೀರ್ಮಾನವಾಯಿತು. ಆಪರೇಷನ್ ಕೋಣೆಗೆ ಹೋಗುವಾಗ ಅಪ್ಪ ಮಗಳ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದ.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅವನು ಮಲಗಿದ್ದಾಗ ಮಗಳು ಉಳಿದ ಚಿತ್ರಗಳ ಫೋಟೊ ಮುಗಿಸಿದಳು. ಪುಸ್ತಕದಲ್ಲಿ ಇರಬೇಕಾದಂತೆ ಎಲ್ಲವನ್ನೂ ವರ್ಷದ ಪ್ರಕಾರ ಸಣ್ಣಸಣ್ಣದಾಗಿ ಪರದೆಯ ಮೇಲೆ ಹರವಿದಳು. ಆಗ ಅವಳಿಗೆ ಒಂದು ವಿಚಿತ್ರ ಕಂಡಿತು. ಪೊರೆ ಬಲಿತದ್ದು ನಿಧಾನವಾಗಿ. ಹಾಗಿದ್ದ ಮೇಲೆ ನೀಲಿಯೂ ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಏರಬೇಕಿತ್ತು. ಏರಿರಲಿಲ್ಲ. ಸಾಲಿಗೆ ಸಾಲು ತಣ್ಣನೆಯ ಶುದ್ಧ ಬಿಳಿ. ಹತ್ತು ವರ್ಷದ ಹಿಂದಿನದೂ ಅದೇ, ಐದು ವರ್ಷದ ಹಿಂದಿನದೂ ಅದೇ. ಅಮ್ಮ ತೀರಿಕೊಂಡ ವರ್ಷದಲ್ಲಿ, ಒಂದು ಚಿತ್ರಕ್ಕೂ ಅದರ ಮುಂದಿನದಕ್ಕೂ ನಡುವೆ, ಗೆರೆ ಕೊಯ್ದ ಹಾಗೆ ನೀಲಿ ಶುರುವಾಗಿತ್ತು.

ಕಣ್ಣು ಕೆಟ್ಟದ್ದು ಯಾವತ್ತೋ. ಬಿಳಿ ಕೆಟ್ಟದ್ದು ಅಮ್ಮ ಹೋದ ಮೇಲೆ.

ಆಗ ನೆನಪಾಯಿತು. ಕೆಲವು ವರ್ಷಗಳ ಹಿಂದೆ ತವರಿಗೆ ಬಂದವಳು ಈ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಬೆನ್ನು ತಿರುಗಿಸಿ, "ಇನ್ನೂ ನೀಲಿ" ಎಂದ. "ಹ್ಞೂಂ, ಹಾಕ್ದೆ" ಎಂದಳು ಅಮ್ಮ. ಹಾಕಲಿಲ್ಲ. ನೀಲಿಯ ಟ್ಯೂಬು ಮುಚ್ಚಳ ಕೂಡ ತೆಗೆಯದೆ ಅಲ್ಲೇ ಇತ್ತು. ಅಮ್ಮ ಕಲಸಿದ್ದ ಬಿಳಿಯನ್ನು ಒಂದು ಪಕ್ಕಕ್ಕೆ ಸರಿಸಿ, ಗಾಜಿನ ಖಾಲಿ ಜಾಗದಲ್ಲಿ ಚಾಕು ಆಡಿಸಿದಳು. ಕರಕರ ಸದ್ದು. "ಇನ್ನೊಂಚೂರು" ಎಂದ ಅಪ್ಪ. ಮತ್ತೆ ಖಾಲಿ ಗಾಜಿನ ಮೇಲೆ ಕರಕರ. ಸದ್ದು ಕೇಳಿದರೆ ಸಾಕು, ನೀಲಿ ಸೇರಿತೆಂದು ಅಪ್ಪ ನಂಬುತ್ತಿದ್ದ; ಆಮೇಲೂ ಹಳದಿ ಕಂಡರೆ ಬಲ್ಬನ್ನು ಬೈಯುತ್ತಿದ್ದ. ಬಾಗಿಲಲ್ಲಿದ್ದ ಮಗಳನ್ನು ಕಂಡು ಅಮ್ಮ ಕಣ್ಣು ಮಿಟುಕಿಸಿದ್ದಳು. ಅಪ್ಪನ ಕಾಟಕ್ಕೆ ಬೇಸತ್ತು ಮಾಡುವ ಕಳ್ಳಾಟ ಅಂದುಕೊಂಡು ಮಗಳು ನಗುತ್ತಾ ಅಡುಗೆಮನೆಗೆ ಹೋಗಿದ್ದಳು. ಅದು ಆಟವಲ್ಲ, ದಿನವೂ ನಡೆಯುತ್ತಿದ್ದ ಕೆಲಸ ಎಂದು ಈಗ ಗೊತ್ತಾಗಿ, ಅವಳು ಲ್ಯಾಪ್‌ಟಾಪ್ ಮುಂದೆ ಕೂತಲ್ಲೇ ಬಿಕ್ಕಿಬಿಕ್ಕಿ ಅತ್ತಳು. ಅಮ್ಮ ಸತ್ತಾಗ ಕೂಡ ಹಾಗೆ ಅತ್ತಿರಲಿಲ್ಲ.

ಅತ್ತು ಮುಗಿದ ಮೇಲೆ ಇದನ್ನು ಅಪ್ಪನಿಗೆ ಹೇಳಬಾರದು ಎಂದೇ ತೀರ್ಮಾನಿಸಿದಳು. ತನ್ನ ಬಿಳಿ ಎಂದು ಎದೆ ತಟ್ಟಿಕೊಂಡು ಬದುಕಿದವನು ಅವನು. ಅದರಲ್ಲಿ ಏಳು ವರ್ಷದ್ದು ಬೇರೆಯವರ ಕಣ್ಣಿನದು ಎಂದು ಈ ವಯಸ್ಸಿನಲ್ಲಿ ಹೇಳಿ ಯಾರಿಗೆ ಏನಾಗಬೇಕು? ಅಮ್ಮ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ತಾನೂ ಇಟ್ಟುಕೊಂಡರಾಯಿತು.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅಪ್ಪ ಮನೆಗೆ ಬಂದವನು ಚಪ್ಪಲಿ ಕೂಡ ಬಿಡದೆ ನೇರ ಆ ಕೋಣೆಗೆ ನಡೆದ. ನೀಲಿ ಚಿತ್ರಗಳು ಸಾಲಾಗಿ ಗೋಡೆಗೆ ಆನಿಕೊಂಡಿದ್ದವು. ತನ್ನ ಮನೆಯೊಳಗೇ ಅಪರಿಚಿತರು ಕೂತಿದ್ದಾರೆ ಎಂಬಂತೆ ಅವನು ನಿಂತುಬಿಟ್ಟ.

"ಇವನ್ನ ಯಾರು ಬರೆದಿದ್ದು?"

ಅಪ್ಪ ಅಂಗೈಯಿಂದ ಹೊಸ ಕಣ್ಣು ಮುಚ್ಚಿ ಹಳೆ ಕಣ್ಣಲ್ಲಿ ನೋಡಿದ. ಹಳೆಯದನ್ನು ಮುಚ್ಚಿ ಹೊಸದರಲ್ಲಿ ನೋಡಿದ. ಒಂದು ಕಣ್ಣಿಗೆ ಬಿಳಿ, ಇನ್ನೊಂದಕ್ಕೆ ನೀಲಿ. ಹಾಗೇ ಒಂದೊಂದು ಚಿತ್ರದ ಮುಂದೆಯೂ ಮಾಡಿದ. ಕೊನೆಗೆ ಸ್ಟೂಲಿನ ಚಿತ್ರದ ಮುಂದೆ ನಿಂತು, "ಅವಳು ಹೋದದ್ದೇ ಹೋದದ್ದು, ನನ್ನ ಕೈ ಸತ್ತುಹೋಯ್ತು" ಎಂದ. "ಕಣ್ಣು ಹತ್ತು ವರ್ಷದಿಂದ ಕೆಟ್ಟಿದೆಯಂತೆ. ಆಗೆಲ್ಲ ಬರೀತಿದ್ದೆ ತಾನೆ, ಚೆನ್ನಾಗೇ ಬರೀತಿದ್ದೆ. ಕಣ್ಣಲ್ಲ ಇದು. ಕೈಲಿದ್ದದ್ದೇ ಹೋಗಿದೆ. ಇವನ್ನ ಯಾರೂ ನೋಡಬಾರದು." ಮೇಜಿನಿಂದ ಬಿಳಿಯ ದೊಡ್ಡ ಡಬ್ಬಿ ಎತ್ತಿ ಮುಚ್ಚಳ ತಿರುಗಿಸತೊಡಗಿದ. "ಎಲ್ಲದರ ಮೇಲೂ ಬಳಿದುಬಿಡ್ತೀನಿ. ಸುಣ್ಣದ ಮೇಷ್ಟ್ರು ತಾನೆ."

ಒಣಗಿದ ಬಣ್ಣ ಕಚ್ಚಿಕೊಂಡು ಮುಚ್ಚಳ ಬರುತ್ತಿರಲಿಲ್ಲ. ಅದು ಬಂದರೆ ಮೂರು ವರ್ಷದ ಚಿತ್ರಗಳು ಹೋಗುತ್ತವೆ. ಅವು ಹೋದರೆ ತನ್ನ ಕೈ ಸತ್ತಿತೆಂದು ನಂಬಿಕೊಂಡೇ ಅಪ್ಪ ಉಳಿದ ದಿನ ಕಳೆಯುತ್ತಾನೆ, ಇನ್ನೊಂದು ಕ್ಯಾನ್ವಾಸು ಮುಟ್ಟುವುದಿಲ್ಲ. ಮಗಳು ಲ್ಯಾಪ್‌ಟಾಪ್ ತಂದು ಅವನ ಮುಂದೆ ಮೇಜಿನ ಮೇಲೆ ಇಟ್ಟಳು.

"ಕೈ ಸತ್ತಿಲ್ಲಪ್ಪಾ. ಇಲ್ಲಿ ನೋಡು. ವರ್ಷದ ಪ್ರಕಾರ ಜೋಡಿಸಿದ್ದೀನಿ."

ಅವನು ನೋಡಿದ. ದಡ್ಡನಲ್ಲ ಅವನು. ಬೆರಳು ಸಾಲುಗಳ ಮೇಲೆ ಸರಿದು ಆ ಗೆರೆಯ ಹತ್ತಿರ ನಿಂತಿತು. ಮಗಳು ಗಾಜು, ಚಾಕು, ಮುಚ್ಚಳ ತೆಗೆಯದ ಟ್ಯೂಬು, ಎಲ್ಲವನ್ನೂ ಹೇಳಿದಳು.

ಅಪ್ಪನ ಮುಖ ಕೆಂಪಾಯಿತು. "ಏಳು ವರ್ಷ! ಏಳು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದಳಾ? ಜನ ಹೊಗಳ್ತಿದ್ರು, ನಾನು ಬೀಗ್ತಿದ್ದೆ, ಅವಳು ಹಿಂದೆ ಕೂತು ನಗ್ತಿದ್ಳಾ?"

"ನಗ್ತಿರಲಿಲ್ಲ. ಹೇಳಿದ್ರೆ ನೀನು ಕುಂಚ ಕೆಳಗಿಡ್ತಿದ್ದೆ. ಒಂದ್ಸಲ ಇಟ್ಟಿದ್ದೆ ಕೂಡ."

ಅಪ್ಪ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಹೋಗಿ ಹಾಸಿಗೆಯ ಚಿತ್ರದ ಮುಂದೆ ನಿಂತು ಹೊಸ ಕಣ್ಣು ಮುಚ್ಚಿದ. ಹಳೆ ಕಣ್ಣಿಗೆ ಅದು ಹಳದಿ. ಹೊಸದನ್ನು ತೆರೆದ. ಬಿಳಿ, ಹತ್ತಾರು ಬಿಳಿ. ಮೂವತ್ತು ವರ್ಷದ ವಯಸ್ಸಿನಲ್ಲಿ ಅವನು ಕನಸು ಕಂಡಿದ್ದ ಬಿಳಿ. ಅವನು ಮೊದಲ ಬಾರಿಗೆ ಅದನ್ನು ನೋಡುತ್ತಿದ್ದ. ಮಗಳು ಅವನ ಭುಜ ಅಲುಗುವುದನ್ನು ಕಂಡು ಬೇರೆ ಕಡೆ ತಿರುಗಿದಳು.

ಆಮೇಲೆ ಅವನು, "ಆ ಚಾಕು ತಗೋ" ಎಂದ. "ಅಲ್ಲೇ ಕೂತ್ಕೋ. ಅವಳ ಹಾಗೆ ಆಡಿಸು."

ಮಗಳು ಅಮ್ಮನ ಸ್ಟೂಲಿನ ಮೇಲೆ ಕೂತಳು. ಅಪ್ಪ ಬೆನ್ನು ತಿರುಗಿಸಿ ಕ್ಯಾನ್ವಾಸಿನ ಮುಂದೆ ನಿಲ್ಲುವ ಹಾಗೆ ನಿಂತ. ಅವಳು ಖಾಲಿ ಗಾಜಿನ ಮೇಲೆ ಚಾಕು ಆಡಿಸಿದಳು. ಕರಕರ.

"ಇನ್ನೂ ಒಂಚೂರು" ಎಂದ ಅಪ್ಪ.

ಅವಳು ಆಡಿಸಿದಳು. ಅಪ್ಪ ಎರಡೂ ಕಣ್ಣು ಮುಚ್ಚಿ ಕೇಳುತ್ತಿದ್ದ. ಕೊನೆಗೆ ಅಭ್ಯಾಸಬಲದಿಂದ ಕೈ ಹಿಂದೆ ಚಾಚಿದ. ಕೊಡಲು ಮಗಳ ಹತ್ತಿರ ಏನೂ ಇರಲಿಲ್ಲ. ಅವಳು ತನ್ನ ಕೈಯನ್ನೇ ಕೊಟ್ಟಳು.

ಮರುದಿನ ಇಬ್ಬರೂ ಪುಸ್ತಕದ ವಿವರ ಬರೆಯಲು ಕೂತರು. ಹಾಸಿಗೆಯ ಚಿತ್ರದ ಕೆಳಗೆ ಹೆಸರು, ವರ್ಷ, ಅಳತೆ, ಎಣ್ಣೆ ಬಣ್ಣ ಎಂದು ಬರೆದು ಮಗಳು ಮುಂದಿನದಕ್ಕೆ ಹೋಗುವಷ್ಟರಲ್ಲಿ ಅಪ್ಪ ತಡೆದ. "ಇನ್ನೊಂದು ಸಾಲು ಹಾಕು. ಬಣ್ಣ ಕಲಸಿದವರು." ಅಮ್ಮನ ಹೆಸರನ್ನು ಪೂರ್ತಿಯಾಗಿ ಹೇಳಿದ. ಆ ಹೆಸರನ್ನು ಅವನ ಬಾಯಲ್ಲಿ ಮಗಳು ಕೇಳಿದ್ದು ಅದೇ ಮೊದಲು; ಅಮ್ಮ ಇದ್ದಷ್ಟು ದಿನ 'ಇವಳೇ' ಎಂದೇ ಕರೆದವನು.

"ಈ ಒಂದು ಚಿತ್ರಕ್ಕಾ?"

"ಎಲ್ಲಕ್ಕೂ. ಕಣ್ಣು ಚೆನ್ನಾಗಿದ್ದಾಗಲೂ ಕಲಸ್ತಿದ್ದೋಳು ಅವಳೇ ಅಲ್ವಾ?"

ಸಾಲು ಸಾಲಾಗಿ ಅದೇ ಹೆಸರು ಬರೆಯುತ್ತಾ ಬಂದು ಮಧ್ಯಾಹ್ನವಾಯಿತು. ಗೆರೆ ದಾಟಿದರು. ಪರದೆಯ ಮೇಲೆ ಸ್ಟೂಲಿನ ಚಿತ್ರ ಬಂತು. ಬಿಳಿಯ ಡಬ್ಬಿ ಮೇಜಿನ ಮೇಲೆ ಇನ್ನೂ ಹಾಗೇ ಇತ್ತು. ಮಗಳು ಅದರ ಕಡೆ ನೋಡದೆ ಕೇಳಿದಳು, "ಇದನ್ನ ಸೇರಿಸೋದಾ, ಬೇಡವಾ?"

"ಸೇರಿಸು."

"ಬಣ್ಣ ಕಲಸಿದವರು?"

ಅಪ್ಪ ಚಿತ್ರ ನೋಡಿದ. ಹೊಸ ಕಣ್ಣಲ್ಲೇ ನೋಡಿದ.

"ನಾನು," ಎಂದ. ಅವಳು ಬರೆದಳು. "ಅಷ್ಟೇ ಸಾಲದು. ಅವಳಿಲ್ಲದೆ ಅಂತ ಬರಿ."

ಮಗಳು ಹಾಗೇ ಬರೆದು, ಮುಂದಿನ ಚಿತ್ರ ತೆಗೆದಳು.